ಗಿಟಾರ್ ಪೆಡಲ್‌ಗೆ, ಮೈಕ್‌ಗೆ ಯಾವ ಆಪ್‌ಆಂಪ್? ಕರಾವಳಿಯಲ್ಲಿ ಸರ್ಕ್ಯೂಟ್ ಕಟ್ಟುವವರಿಗೊಂದು ಸಮಗ್ರ ಮಾರ್ಗದರ್ಶಿ

ಕಾರವಾರದಲ್ಲಿ ಗಿಟಾರ್ ನುಡಿಸುವವರಿಗೆ ಬರವಿಲ್ಲ. ಚರ್ಚಿನ ಕಾಯರ್‌ನವರಿದ್ದಾರೆ, ಗಣಪತಿ ಹಬ್ಬದ ಆರ್ಕೆಸ್ಟ್ರಾದವರಿದ್ದಾರೆ, ಶನಿವಾರ ಸಂಜೆ ಗೋವಾ ಕಡೆ ಕಾರ್ಯಕ್ರಮಕ್ಕೆ ಹೋಗಿಬರುವ ಹುಡುಗರಿದ್ದಾರೆ. ಘಟ್ಟ ಹತ್ತಿ ಶಿರಸಿಗೆ ಹೋದರೆ ಯಕ್ಷಗಾನಕ್ಕೆ ಮೈಕ್ ಸೆಟ್ ಹಾಕುವವರು, ಭಜನೆಯ ಹಾರ್ಮೋನಿಯಂಗೆ ಪಿಕಪ್ ಕೂರಿಸುವವರು ಸಿಗುತ್ತಾರೆ. ಇವರಲ್ಲಿ ಸೋಲ್ಡರಿಂಗ್ ಐರನ್ ಹಿಡಿಯಲು ಬರುವವರೆಲ್ಲ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಮಾರಾಯಾ, ಯಾವ ಐಸಿ ಹಾಕಿದ್ರೆ ಸೌಂಡ್ ಒಳ್ಳೇದು ಬರ್ತದೆ?"

ಅವರು ಕೇಳುವ ಐಸಿ ಅಂದರೆ ಆಪ್‌ಆಂಪ್, ಸಣ್ಣ ಸಿಗ್ನಲ್ ಅನ್ನು ದೊಡ್ಡದು ಮಾಡುವ ಚಿಪ್. ಅವರ ಪ್ರಶ್ನೆಗೆ ಒಂದು ನಂಬರ್ ಹೇಳಿ ಕಳಿಸಲು ಆಗುವುದಿಲ್ಲ. ಗಿಟಾರ್ ಎದುರು ಕೂರುವ ಐಸಿ ಬೇರೆ, ಮೈಕ್ ಎದುರು ಕೂರುವುದು ಬೇರೆ, ಡಿಸ್ಟಾರ್ಶನ್ (ಬೇಕೆಂದೇ ಒಡೆದ ಸದ್ದು) ಹುಟ್ಟಿಸುವುದು ಬೇರೆಯೇ. ಮೈಕ್ ಪ್ರೀಆಂಪ್‌ನಲ್ಲಿ ತಣ್ಣಗೆ ಕೆಲಸ ಮಾಡುವ ಎನ್‌ಇ5532 ಅನ್ನೇ ಗಿಟಾರ್ ಇನ್‌ಪುಟ್‌ಗೆ ತಂದು ಹಾಕಿದರೆ ಹಿಸ್ (ಸುಯ್ ಎನ್ನುವ ಸದ್ದು) ಜಾಸ್ತಿಯಾಗಬಹುದು. ಹಾಗಾಗಿ ಐಸಿಯ ಹೆಸರು ಆಮೇಲೆ. ಅದು ಕೂರುವ ಜಾಗ ಮೊದಲು.

ಹಂತ 1: ಜಾಗ ಎಂಥದ್ದು ಎಂದು ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ನಾಲ್ಕು ವಿಷಯ ಬರೆಯಿರಿ. ಸಿಗ್ನಲ್ ಎಲ್ಲಿಂದ ಬರುತ್ತದೆ, ಅದನ್ನು ಎಷ್ಟು ಪಟ್ಟು ದೊಡ್ಡದು ಮಾಡಬೇಕು (ಗೇನ್), ಔಟ್‌ಪುಟ್ ಏನನ್ನು ಎಳೆಯಬೇಕು, ಸಪ್ಲೈ ಎಷ್ಟು ವೋಲ್ಟ್. ಈ ನಾಲ್ಕಕ್ಕೆ ಉತ್ತರ ಸಿಕ್ಕಿದರೆ ಅಂಗಡಿಯಲ್ಲಿರುವ ಇಪ್ಪತ್ತು ಐಸಿಗಳಲ್ಲಿ ಹದಿನೇಳು ತಾವಾಗಿಯೇ ಪಕ್ಕಕ್ಕೆ ಹೋಗುತ್ತವೆ.

ಉದಾಹರಣೆಗೆ (ಇಲ್ಲಿ ಕೆ ಅಂದರೆ ಸಾವಿರ ಓಮ್, ಮುಂದೆ ಬರುವ ಮೆಗ್ ಅಂದರೆ ಹತ್ತು ಲಕ್ಷ ಓಮ್, ಪಾಟ್ ಅಂದರೆ ತಿರುಗಿಸಿ ಬದಲಿಸುವ ರೆಸಿಸ್ಟರ್): "ಎಲೆಕ್ಟ್ರಿಕ್ ಗಿಟಾರ್, ಗೇನ್ 20, ಮುಂದೆ 100 ಕೆ ವಾಲ್ಯೂಮ್ ಪಾಟ್, 9 ವೋಲ್ಟ್ ಬ್ಯಾಟರಿ." ಇನ್ನೊಂದು: "ಭಾಗವತರ ಡೈನಮಿಕ್ ಮೈಕ್, ಗೇನ್ 200, ಮುಂದೆ ಮಿಕ್ಸರ್‌ಗೆ ಉದ್ದನೆಯ ಕೇಬಲ್, ಪ್ಲಸ್ ಮೈನಸ್ 15 ವೋಲ್ಟ್." ಎರಡೂ ಆಡಿಯೊವೇ. ಆದರೆ ಎರಡಕ್ಕೂ ಬೇಕಾದ ಐಸಿ ಒಂದೇ ಅಲ್ಲ.

ಹಂತ 2: ಸಪ್ಲೈಗೆ ಯಾವುದು ಹೊಂದುತ್ತದೆ ನೋಡಿ

ಪೆಡಲ್ (ಗಿಟಾರ್ ಸದ್ದು ಬದಲಿಸುವ, ಕಾಲಲ್ಲಿ ಒತ್ತುವ ಪೆಟ್ಟಿಗೆ) ಅಂದಮೇಲೆ ಸಾಮಾನ್ಯವಾಗಿ 9 ವೋಲ್ಟ್. ಒಂದೇ ಸಪ್ಲೈ ಇರುವುದರಿಂದ ನಡುವೆ 4.5 ವೋಲ್ಟ್‌ನ ಒಂದು ರೆಫರೆನ್ಸ್ ಮಾಡಿಕೊಳ್ಳಬೇಕು. ಎರಡು 10 ಕೆ ರೆಸಿಸ್ಟರ್, ನಡುವಿನ ಬಿಂದುವಿನಿಂದ ಗ್ರೌಂಡ್‌ಗೆ 47 ಅಥವಾ 100 ಮೈಕ್ರೊಫ್ಯಾರಡ್ ಕೆಪಾಸಿಟರ್. ಅಷ್ಟೇ ಸಾಕು. ಸಿಗ್ನಲ್ ಈ 4.5 ವೋಲ್ಟ್ ಸುತ್ತ ಮೇಲೆ ಕೆಳಗೆ ಆಡುತ್ತದೆ.

ಇಲ್ಲಿ ಡೇಟಾಶೀಟ್‌ನ (ಐಸಿ ಕಂಪನಿಯ ವಿವರಪಟ್ಟಿ) ಎರಡು ಸಾಲು ಓದಲೇಬೇಕು. ಮೊದಲನೆಯದು, ಐಸಿ ತಡೆಯುವ ಗರಿಷ್ಠ ವೋಲ್ಟೇಜ್. ಎಂಸಿಪಿ6002 ಬಗ್ಗೆ ಒಳ್ಳೆಯ ಮಾತು ಕೇಳಿರುತ್ತೀರಿ. ಆದರೆ ಅದು 6 ವೋಲ್ಟ್‌ವರೆಗೆ ಮಾತ್ರ. 9 ವೋಲ್ಟ್ ಕೊಟ್ಟರೆ ಸುಟ್ಟೇ ಹೋಗುತ್ತದೆ. ಎರಡನೆಯದು ಕನಿಷ್ಠ ವೋಲ್ಟೇಜ್. ಎನ್‌ಇ5532ಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಹೇಳುವ ಕನಿಷ್ಠ ಪ್ಲಸ್ ಮೈನಸ್ 5, ಅಂದರೆ ಒಟ್ಟು 10 ವೋಲ್ಟ್. 9 ವೋಲ್ಟ್‌ನಲ್ಲೂ ಅದು ಓಡುತ್ತದೆ, ಎಷ್ಟೋ ಪೆಡಲ್‌ಗಳಲ್ಲಿ ಓಡುತ್ತಲೇ ಇದೆ. ಆದರೆ ಬ್ಯಾಟರಿ 7 ವೋಲ್ಟ್‌ಗೆ ಇಳಿದ ಮೇಲೆ ಅದರ ಮೇಲೆ ಭರವಸೆ ಇಡಬೇಡಿ. ಓಪಿಎ2134 ಒಟ್ಟು 5 ವೋಲ್ಟ್‌ಗೂ ಕೆಲಸ ಮಾಡುತ್ತದೆ.

ಕರೆಂಟ್ ಎಷ್ಟು ಕುಡಿಯುತ್ತದೆ ಎಂಬುದೂ ನಮ್ಮ ಕಡೆ ಸಣ್ಣ ವಿಷಯವಲ್ಲ. ಜೂನ್ ಜುಲೈನಲ್ಲಿ ಗಾಳಿಮಳೆಗೆ ಮರ ಬಿದ್ದರೆ ಲೈನು ಯಾವಾಗ ಬರುತ್ತದೋ ಹೇಳಲಾಗದು. ಆಗ ಬ್ಯಾಟರಿಯೇ ಗತಿ. ಎರಡು ಆಂಪ್ ಇರುವ ಐಸಿಗಳನ್ನು ಹೋಲಿಸಿದರೆ, ಟಿಎಲ್062 ಸುಮಾರು 0.4 ಮಿಲಿಆಂಪ್, ಟಿಎಲ್072 ಸುಮಾರು 2.8, ಎನ್‌ಇ5532 ಮತ್ತು ಓಪಿಎ2134 ಸುಮಾರು 8 ಮಿಲಿಆಂಪ್ ತೆಗೆದುಕೊಳ್ಳುತ್ತವೆ. ಒಳ್ಳೆಯ ಆಲ್ಕಲೈನ್ 9 ವೋಲ್ಟ್ ಬ್ಯಾಟರಿಯಲ್ಲಿ 500 ಮಿಲಿಆಂಪ್ ಅವರ್ ಇದೆ ಎಂದುಕೊಂಡರೆ 5532 ಅದನ್ನು 60 ಗಂಟೆಯಲ್ಲಿ ಮುಗಿಸುತ್ತದೆ, 072 ಸುಮಾರು 180 ಗಂಟೆ ಎಳೆಯುತ್ತದೆ. ಆದರೆ ಎಲ್‌ಇಡಿಗೇ 5 ಮಿಲಿಆಂಪ್ ಕೊಟ್ಟಿದ್ದರೆ ಈ ಲೆಕ್ಕವೆಲ್ಲ ತಲೆಕೆಳಗು. ಹೈ ಬ್ರೈಟ್ ಎಲ್‌ಇಡಿ ಹಾಕಿ, ಸೀರೀಸ್ ರೆಸಿಸ್ಟರ್ 10 ಕೆ ಮಾಡಿ. ಕತ್ತಲೆ ವೇದಿಕೆಯಲ್ಲಿ ಅಷ್ಟು ಬೆಳಕು ಧಾರಾಳವಾಯಿತು.

ಟಿಎಲ್072ರ ಒಂದು ಸ್ವಭಾವ ಮಾತ್ರ ಗೊತ್ತಿರಬೇಕು. ಅದರ ಇನ್‌ಪುಟ್ ನೆಗೆಟಿವ್ ಸಪ್ಲೈಗೆ ಸುಮಾರು 3 ವೋಲ್ಟ್‌ಗಿಂತ ಹತ್ತಿರ ಹೋಗಬಾರದು. ಹೋದರೆ ಔಟ್‌ಪುಟ್ ಒಮ್ಮೆಲೇ ಉಲ್ಟಾ ಹೊಡೆದು ಮೇಲಕ್ಕೆ ಹಾರಬಹುದು. ಕಿವಿಗೆ ಅದು ಒಡೆದ ಹಾಗೆ, ಚುಚ್ಚಿದ ಹಾಗೆ ಕೇಳಿಸುತ್ತದೆ. 9 ವೋಲ್ಟ್ ಪೆಡಲ್‌ನಲ್ಲಿ ಇನ್‌ಪುಟ್ 4.5ರಲ್ಲಿ ನಿಂತಿರುತ್ತದೆ. ಅಂದರೆ ಕೆಳಮುಖವಾಗಿ ಒಂದೂವರೆ ವೋಲ್ಟ್ ಮಾತ್ರ ಜಾಗ. ಬರೀ ಗಿಟಾರ್‌ಗೆ ಇದು ಸಾಲುತ್ತದೆ. ಹಿಂದೆ ಬೂಸ್ಟರ್ ಪೆಡಲ್ ಇದ್ದರೆ ಸಾಲದು. ಅಂಥ ಕಡೆ ಆಂಪ್ ಅನ್ನು ಇನ್ವರ್ಟಿಂಗ್ ಆಗಿ (ಸಿಗ್ನಲ್ ಮೈನಸ್ ಇನ್‌ಪುಟ್‌ಗೆ ಹೋಗುವ ಹಾಗೆ) ಕಟ್ಟಿ, ಆಗ ಇನ್‌ಪುಟ್ ಪಿನ್‌ಗಳು 4.5ರಿಂದ ಅಲ್ಲಾಡುವುದೇ ಇಲ್ಲ. ಅದು ಬೇಡವಾದರೆ ಟಿಎಲ್‌ಸಿ2272 ಹಾಕಿ. ಅದರ ಇನ್‌ಪುಟ್ ನೆಗೆಟಿವ್ ಸಪ್ಲೈವರೆಗೂ ಇಳಿಯಬಲ್ಲದು, ಔಟ್‌ಪುಟ್ ಎರಡೂ ತುದಿಯ ಹತ್ತಿರ ಹೋಗುತ್ತದೆ. ಗರಿಷ್ಠ 16 ವೋಲ್ಟ್, ಆದ್ದರಿಂದ 9ಕ್ಕೆ ನಿಶ್ಚಿಂತೆ.

ಚಾರ್ಜ್ ಪಂಪ್ (ಪ್ಲಸ್ ವೋಲ್ಟೇಜ್‌ನಿಂದ ಮೈನಸ್ ಹುಟ್ಟಿಸುವ ಐಸಿ) ಹಾಕಿ ಮೈನಸ್ 9 ವೋಲ್ಟ್ ಮಾಡಿಕೊಳ್ಳುವವರು ಟಿಸಿ1044ಎಸ್ ಅಥವಾ ಐಸಿಎಲ್7660ಎಸ್ ತನ್ನಿ. ಇವೆರಡೂ 12 ವೋಲ್ಟ್‌ವರೆಗೆ ತಡೆಯುತ್ತವೆ. ಪಿನ್ 1 ಅನ್ನು ಪ್ಲಸ್ ಸಪ್ಲೈಗೆ ಸೇರಿಸಿದರೆ ಅದರ ಆಂದೋಲನ ಕಿವಿಗೆ ಕೇಳದಷ್ಟು ಮೇಲೆ ಹೋಗುತ್ತದೆ. ಸೇರಿಸದಿದ್ದರೆ ಸೊಳ್ಳೆ ಕೂಗಿನಂಥ ಸಣ್ಣ ಸ್ವರ ಕಾಡುತ್ತದೆ. ಇನ್ನೊಂದು ಮಾತು: ರೆಗ್ಯುಲೇಟರ್ ಇಲ್ಲದ ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಮೇಲೆ 9 ವೋಲ್ಟ್ ಎಂದು ಬರೆದಿದ್ದರೂ ಲೋಡ್ ಇಲ್ಲದಾಗ 12 ದಾಟಬಹುದು. ಮೀಟರ್ ಹಿಡಿದು ನೋಡದೆ ಚುಚ್ಚಬೇಡಿ.

ಹಂತ 3: ಸಿಗ್ನಲ್ ಎಲ್ಲಿಂದ ಬರುತ್ತದೆ?

ಇಡೀ ಆಯ್ಕೆಯಲ್ಲಿ ಮುಖ್ಯವಾದ ಹಂತ ಇದೇ. ನಿಧಾನಕ್ಕೆ ಓದಿ.

ಆಪ್‌ಆಂಪ್‌ನ ಹಿಸ್ ಎರಡು ರೀತಿಯಲ್ಲಿ ಬರುತ್ತದೆ. ಒಂದು ವೋಲ್ಟೇಜ್ ನಾಯ್ಸ್. ಎಲ್ಲರೂ ನೋಡುವುದು ಅದನ್ನೇ. ಎನ್‌ಇ5532ಗೆ ಅದು ರೂಟ್ ಹರ್ಟ್ಸ್‌ಗೆ 5 ನ್ಯಾನೊವೋಲ್ಟ್, ಹಳೆಯ ಟಿಎಲ್072ಗೆ 18, ಟಿಎಲ್062ಗೆ 42, ಓಪಿಎ2134ಗೆ 8. ಇಷ್ಟನ್ನೇ ನೋಡಿದರೆ 5532 ಗೆದ್ದಂತೆ. ಆದರೆ ಎರಡನೆಯದು ಕರೆಂಟ್ ನಾಯ್ಸ್. ಅದು ಸಿಗ್ನಲ್ ಬರುವ ಮೂಲದ ಇಂಪೆಡೆನ್ಸ್ (ಕರೆಂಟ್‌ಗೆ ಒಡ್ಡುವ ಅಡ್ಡಿ) ಮೂಲಕ ಹರಿದು ವೋಲ್ಟೇಜ್ ಆಗಿ ಬದಲಾಗುತ್ತದೆ. 5532ರ ಕರೆಂಟ್ ನಾಯ್ಸ್ ಸುಮಾರು 0.7 ಪಿಕೊಆಂಪ್. ಟಿಎಲ್072ರದ್ದು 0.01.

ಈಗ ಗಿಟಾರ್ ತೆಗೆದುಕೊಳ್ಳಿ. ಪಿಕಪ್‌ನ ಎರಡು ತಂತಿಗೆ ಮೀಟರ್ ಹಿಡಿದರೆ 6 ಕೆ, 8 ಕೆ, ಹಂಬಕರ್ ಆದರೆ ಇನ್ನೂ ಜಾಸ್ತಿ ತೋರಿಸುತ್ತದೆ. ಅದು ಡಿಸಿ ಲೆಕ್ಕ. ಪಿಕಪ್ ಅಂದರೆ ಸಾವಿರಾರು ಸುತ್ತಿನ ಸುರುಳಿ, ಕೆಲವು ಹೆನ್ರಿ ಇಂಡಕ್ಟೆನ್ಸ್. ಫ್ರೀಕ್ವೆನ್ಸಿ ಏರಿದ ಹಾಗೆ ಅದರ ಇಂಪೆಡೆನ್ಸ್ ಏರುತ್ತಾ ಹೋಗಿ ಕೆಲವು ಕಿಲೋಹರ್ಟ್ಸ್‌ನ ಹತ್ತಿರ 100 ಕೆ ಮೀರುತ್ತದೆ. 0.7 ಪಿಕೊಆಂಪ್ ಗುಣಿಸು 100 ಕೆ: 70 ನ್ಯಾನೊವೋಲ್ಟ್. 072ರಲ್ಲಿ ಅದೇ ಲೆಕ್ಕ 1 ನ್ಯಾನೊವೋಲ್ಟ್. ಕಿವಿ ತುಂಬಾ ಚುರುಕಾಗಿರುವ ಜಾಗದಲ್ಲೇ 5532 ಹಿಸ್ ಮಾಡುತ್ತದೆ, 072 ಸುಮ್ನೆ ಇರುತ್ತದೆ. ಮೂಲದ ಇಂಪೆಡೆನ್ಸ್ ಸುಮಾರು 25 ಕೆ ದಾಟಿದರೆ ಎಫ್‌ಇಟಿ ಇನ್‌ಪುಟ್ (ಹೆಚ್ಚುಕಡಿಮೆ ಕರೆಂಟೇ ಎಳೆಯದ ಇನ್‌ಪುಟ್) ಇರುವ 072, ಓಪಿಎ2134, ಟಿಎಲ್‌ಸಿ2272 ಇವುಗಳ ಕಡೆ ಹೋಗಿ. ಅದಕ್ಕಿಂತ ಕೆಳಗೆ, ಅದರಲ್ಲೂ ಕೆಲವು ಸಾವಿರ ಓಮ್‌ನ ಒಳಗೆ, 5532ಗೆ ಸಾಟಿಯಾದ ಅಗ್ಗದ ಐಸಿ ಇನ್ನೊಂದಿಲ್ಲ.

ಬಯಾಸ್ ಕರೆಂಟ್ (ಇನ್‌ಪುಟ್ ಪಿನ್‌ನಲ್ಲಿ ಸದಾ ಹರಿಯುವ ಸಣ್ಣ ಕರೆಂಟ್) ಕೂಡ ಇಲ್ಲೇ ಕಾಡುತ್ತದೆ. ಗಿಟಾರ್‌ಗೆ 1 ಮೆಗ್ ಇನ್‌ಪುಟ್ ಬೇಕು. ಕಡಿಮೆ ಮಾಡಿದರೆ ಮೇಲಿನ ಸ್ವರಗಳ ಹೊಳಪು ಹೋಗುತ್ತದೆ. 5532ರ ಬಯಾಸ್ ಕರೆಂಟ್ ಸಾಮಾನ್ಯವಾಗಿ 200 ನ್ಯಾನೊಆಂಪ್. 1 ಮೆಗ್ ಮೂಲಕ ಅದು ಹರಿದರೆ 0.2 ವೋಲ್ಟ್ ಆಚೀಚೆ. 072ರದ್ದು 65 ಪಿಕೊಆಂಪ್, ಅದೇ 1 ಮೆಗ್‌ನಲ್ಲಿ 65 ಮೈಕ್ರೊವೋಲ್ಟ್. ಲೆಕ್ಕಕ್ಕೇ ಇಲ್ಲ.

ಡೈನಮಿಕ್ ಮೈಕ್ ಇದಕ್ಕೆ ಪೂರ್ತಿ ವಿರುದ್ಧ. ಅದರ ಇಂಪೆಡೆನ್ಸ್ 150ರಿಂದ 600 ಓಮ್. ಇಲ್ಲಿ ವೋಲ್ಟೇಜ್ ನಾಯ್ಸ್ ಒಂದೇ ಲೆಕ್ಕ. ಭಾಗವತರ ಮೈಕ್‌ಗೆ 072 ಹಾಕಿ ಗೇನ್ ಏರಿಸಿದರೆ ಚಂಡೆ ನಿಂತ ಕೂಡಲೇ ಹಿಸ್ ಎದ್ದು ಕೇಳುತ್ತದೆ. ಎನ್‌ಇ5532, ಎಲ್‌ಎಂ833, ಕಾಸು ಇದ್ದರೆ ಎಲ್‌ಎಂ4562 ಹಾಕಬೇಕಾದ ಜಾಗ ಅದು. ಎಲ್‌ಎಂ4562ರ ನಾಯ್ಸ್ 2.7 ನ್ಯಾನೊವೋಲ್ಟ್ ಮಾತ್ರ. ಆದರೆ ಸುತ್ತಲಿನ ರೆಸಿಸ್ಟರ್‌ಗಳನ್ನೂ ಇಳಿಸಬೇಕು. 1 ಕೆ ರೆಸಿಸ್ಟರ್‌ ತಾನೇ 4 ನ್ಯಾನೊವೋಲ್ಟ್ ಹಿಸ್ ಮಾಡುತ್ತದೆ, 10 ಕೆ 13, 100 ಕೆ 40. ಫೀಡ್‌ಬ್ಯಾಕ್‌ನಲ್ಲಿ (ಔಟ್‌ಪುಟ್‌ನಿಂದ ಮೈನಸ್ ಇನ್‌ಪುಟ್‌ಗೆ ಮರಳುವ ದಾರಿ) ಗ್ರೌಂಡ್ ಕಡೆಗೆ 10 ಕೆ ಇಟ್ಟುಕೊಂಡು ದುಬಾರಿ ಐಸಿ ತಂದರೆ ಆ ದುಡ್ಡು ಎಲ್ಲಿಗೂ ಮುಟ್ಟುವುದಿಲ್ಲ. ಅಲ್ಲಿ 100 ಓಮ್ ಇಡಿ.

ಅಕೌಸ್ಟಿಕ್ ಗಿಟಾರ್, ಹಾರ್ಮೋನಿಯಂ, ಪಿಟೀಲಿಗೆ ಅಂಟಿಸುವ ಪೀಜೊ ಪಿಕಪ್ (ಕಂಪನವನ್ನು ವೋಲ್ಟೇಜ್ ಮಾಡುವ ತುಣುಕು) ಮೂರನೆಯ ಜಾತಿ. ಅದು ಒಂದು ಸಣ್ಣ ಕೆಪಾಸಿಟರ್ ಇದ್ದ ಹಾಗೆ ವರ್ತಿಸುತ್ತದೆ. ಸ್ಯಾಡಲ್ ಕೆಳಗಿನ ಪಟ್ಟಿ 1 ನ್ಯಾನೊಫ್ಯಾರಡ್ ಇದ್ದು ಇನ್‌ಪುಟ್ 1 ಮೆಗ್ ಆದರೆ ಸುಮಾರು 160 ಹರ್ಟ್ಸ್‌ಗಿಂತ ಕೆಳಗಿನದ್ದು ಇಳಿಯುತ್ತಾ ಹೋಗುತ್ತದೆ. ಗಿಟಾರ್‌ನ ದಪ್ಪ ತಂತಿ 82 ಹರ್ಟ್ಸ್. ಅಂದರೆ ಬೇಸ್ ಎಲ್ಲ ಮಾಯ. 4.7 ಮೆಗ್ ಹಾಕಿದರೆ ಆ ಗಡಿ 34 ಹರ್ಟ್ಸ್‌ಗೆ ಇಳಿಯುತ್ತದೆ, 10 ಮೆಗ್‌ನಲ್ಲಿ 16ಕ್ಕೆ. ಹಿತ್ತಾಳೆಯ ದುಂಡನೆಯ ಬಜರ್ ಪೀಜೊ ಆದರೆ ಕೆಪಾಸಿಟೆನ್ಸ್ ಹತ್ತಿಪ್ಪತ್ತು ಪಟ್ಟು ಜಾಸ್ತಿ, 1 ಮೆಗ್ ಸಾಕು. ಪೀಜೊಗೆ ಎಫ್‌ಇಟಿ ಇನ್‌ಪುಟ್ ಬಿಟ್ಟು ಬೇರೆ ಯಾವುದನ್ನೂ ಯೋಚಿಸಲೇಬೇಡಿ.

ಹಂತ 4: ಗೇನ್ ಮತ್ತು ವೇಗ

ಇದು ಸರಳ ಭಾಗಾಕಾರ. ಐಸಿಯ ಗೇನ್ ಬ್ಯಾಂಡ್‌ವಿಡ್ತ್ ಅನ್ನು ನಿಮಗೆ ಬೇಕಾದ ಗೇನ್‌ನಿಂದ ಭಾಗಿಸಿ, ಐಸಿ ಎಷ್ಟು ಫ್ರೀಕ್ವೆನ್ಸಿವರೆಗೆ ಆ ಗೇನ್ ಕೊಡುತ್ತದೆ ಎಂದು ಗೊತ್ತಾಗುತ್ತದೆ. 072ರದ್ದು 3 ಮೆಗಾಹರ್ಟ್ಸ್. ಗೇನ್ 100 ಆದರೆ 30 ಕಿಲೋಹರ್ಟ್ಸ್ ಉಳಿಯುತ್ತದೆ. ಹಳೆಯ 741 ಐಸಿಯದ್ದು 1 ಮೆಗಾಹರ್ಟ್ಸ್, ಗೇನ್ 100ಕ್ಕೆ 10 ಕಿಲೋಹರ್ಟ್ಸ್. 5532ರದ್ದು 10 ಮೆಗಾಹರ್ಟ್ಸ್. ಮೈಕ್‌ಗೆ ಗೇನ್ 200 ಬೇಕಾದರೂ 50 ಕಿಲೋಹರ್ಟ್ಸ್ ಸಿಗುತ್ತದೆ.

ಸ್ಲೂ ರೇಟ್ (ಔಟ್‌ಪುಟ್ ವೋಲ್ಟೇಜ್ ಏರಿಳಿಯುವ ವೇಗ) ಬಗ್ಗೆ ಜನ ಬೇಕಿದ್ದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. 9 ವೋಲ್ಟ್ ಪೆಡಲ್‌ನಲ್ಲಿ 4 ವೋಲ್ಟ್ ಎತ್ತರದ 20 ಕಿಲೋಹರ್ಟ್ಸ್ ಅಲೆಗೆ ಬೇಕಾದದ್ದು ಮೈಕ್ರೊಸೆಕೆಂಡ್‌ಗೆ ಅರ್ಧ ವೋಲ್ಟ್. 741 ಆ ಗಡಿಯ ಮೇಲೆಯೇ ನಿಂತಿದೆ. 4558 ಅದರ ಎರಡು ಮೂರು ಪಟ್ಟು ಕೊಡುತ್ತದೆ. 072ರ 13, 5532ರ 9 ಪೆಡಲ್‌ಗೆ ಧಾರಾಳ. 20 ವೋಲ್ಟ್ ಪರ್ ಮೈಕ್ರೊಸೆಕೆಂಡ್ ಎಂದು ಓದಿ ಅದಕ್ಕೋಸ್ಕರವೇ ದುಡ್ಡು ಹಾಕುವುದು ಬೇಡ.

ಎಲ್‌ಎಂ358, ಎಲ್‌ಎಂ324 ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಎಲ್ಲ ಊರಿನ ಅಂಗಡಿಯಲ್ಲೂ ಸಿಗುತ್ತವೆ, ಆದರೆ ಅಲೆ ನಡುಗೆರೆ ದಾಟುವಾಗ ಔಟ್‌ಪುಟ್ ಒಂದು ಕ್ಷಣ ತಡವರಿಸುತ್ತದೆ. ಸಣ್ಣ ಸ್ವರ ಕರಕರ ಎನ್ನುತ್ತದೆ. ಅನಿವಾರ್ಯವಾಗಿ ಹಾಕಬೇಕಾದರೆ ಔಟ್‌ಪುಟ್‌ನಿಂದ ಗ್ರೌಂಡ್‌ಗೆ 4.7 ಕೆ ರೆಸಿಸ್ಟರ್ ಕೊಡಿ, ಆ ತೊಂದರೆ ಬಹುಮಟ್ಟಿಗೆ ಹೋಗುತ್ತದೆ. ಟ್ರೆಮೊಲೊದಲ್ಲಿ ನಿಧಾನದ ಅಲೆ ಹುಟ್ಟಿಸಲು ಮಾತ್ರ 358 ಚೆನ್ನಾಗಿದೆ.

ಹಂತ 5: ಡಿಸ್ಟಾರ್ಶನ್‌ಗೆ ಬೇರೆ ನಿಯಮ

ಮೇಲಿನ ನಾಲ್ಕೂ ಹಂತ ಶುದ್ಧ ಸದ್ದಿಗೆ. ಡಿಸ್ಟಾರ್ಶನ್ ಪೆಡಲ್‌ನಲ್ಲಿ ಐಸಿಯ ಕೊರತೆಯೇ ಸ್ವಾದ. ಇಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ: ಮೂಲ ಸರ್ಕ್ಯೂಟ್‌ನಲ್ಲಿ ಯಾವ ಐಸಿ ಇತ್ತೋ ಮೊದಲು ಅದನ್ನೇ ಹಾಕಿ ಕೇಳಿ.

ಎಂಎಕ್ಸ್‌ಆರ್ ಡಿಸ್ಟಾರ್ಶನ್ ಪ್ಲಸ್ ಮತ್ತು ಡಿಓಡಿ 250 ಎರಡರಲ್ಲೂ ಇದ್ದದ್ದು 741. ಫೀಡ್‌ಬ್ಯಾಕ್‌ನಲ್ಲಿ 1 ಮೆಗ್, ಗ್ರೌಂಡ್ ಕಡೆಗೆ 4.7 ಕೆ. ಪಾಟ್ ಪೂರ್ತಿ ತಿರುಗಿಸಿದರೆ ಗೇನ್ ಸುಮಾರು 213. 1 ಮೆಗಾಹರ್ಟ್ಸ್ ಅನ್ನು 213ರಿಂದ ಭಾಗಿಸಿ, 4.7 ಕಿಲೋಹರ್ಟ್ಸ್ ಬರುತ್ತದೆ. ಅಂದರೆ ಪಾಟ್ ತಿರುಗಿಸಿದಂತೆಲ್ಲ 741 ತಾನಾಗಿಯೇ ಟ್ರೆಬಲ್ ಕತ್ತರಿಸುತ್ತಿತ್ತು. ಆ ಜಾಗಕ್ಕೆ ಟಿಎಲ್071 ಹಾಕಿದರೆ ಗಡಿ 14 ಕಿಲೋಹರ್ಟ್ಸ್‌ಗೆ ಹೋಗುತ್ತದೆ, ಸದ್ದು ಚುರ್ ಎಂದು ಕಿವಿಗೆ ಹತ್ತುತ್ತದೆ. "ಒಳ್ಳೆ ಐಸಿ ಹಾಕಿದೆ, ಸೌಂಡ್ ಹಾಳಾಯ್ತು" ಅನ್ನುವವರ ಸರ್ಕ್ಯೂಟ್ ಬಿಚ್ಚಿದರೆ ಸಿಗುವ ಕಾರಣ ಇದೇ. 741ರಲ್ಲಿ ಹಿಸ್ ಜಾಸ್ತಿ ಅನ್ನಿಸಿದರೆ 071 ಹಾಕಿ, ಆದರೆ 1 ಮೆಗ್‌ಗೆ ಅಡ್ಡಲಾಗಿ 33 ಪಿಕೊಫ್ಯಾರಡ್ ಕೊಡಿ. ಆಗ ಗಡಿ ಮತ್ತೆ 5 ಕಿಲೋಹರ್ಟ್ಸ್‌ನ ಹತ್ತಿರ ಬರುತ್ತದೆ.

ರ‍್ಯಾಟ್ ಪೆಡಲ್‌ನ ಎಲ್‌ಎಂ308 ಇನ್ನೂ ನಿಧಾನ. ಮೈಕ್ರೊಸೆಕೆಂಡ್‌ಗೆ ಸುಮಾರು 0.3 ವೋಲ್ಟ್. 8 ವೋಲ್ಟ್ ಏರಲು ಅದಕ್ಕೆ 27 ಮೈಕ್ರೊಸೆಕೆಂಡ್ ಬೇಕು, 072 ಒಂದು ಮೈಕ್ರೊಸೆಕೆಂಡ್‌ನೊಳಗೆ ಏರಿಬಿಡುತ್ತದೆ. ಆ ಓರೆಯಾದ ಏರಿಳಿತವೇ ರ‍್ಯಾಟ್‌ನ ದಪ್ಪ, ಮೆತ್ತನೆಯ ಗುರುಗುಟ್ಟುವಿಕೆ. 308 ಈಗ ತಯಾರಾಗುತ್ತಿಲ್ಲ. ಆ ಹೆಸರಲ್ಲಿ ಸಿಗುವುದರಲ್ಲಿ ನಕಲಿಯೇ ಜಾಸ್ತಿ. ಓಪಿ07 ಹಾಕಿ. ಅದರ ಸ್ಲೂ ರೇಟ್ ಕೂಡ 0.3, ಮುಂದೆ ಬಂದ ರ‍್ಯಾಟ್‌ಗಳಲ್ಲೂ ಅದೇ ಬಂತು. 308ಗೆ ಪಿನ್ 1 ಮತ್ತು 8ರ ನಡುವೆ 30 ಪಿಕೊಫ್ಯಾರಡ್ ಕೆಪಾಸಿಟರ್ ಬೇಕಿತ್ತು. ಓಪಿ07ಗೆ ಅದು ಬೇಡ, ತೆಗೆದುಬಿಡಿ.

ಟ್ಯೂಬ್ ಸ್ಕ್ರೀಮರ್ ಜಾತಿಯ ಓವರ್‌ಡ್ರೈವ್‌ಗೆ 4558. ಹಳೆಯ ಜೆಆರ್‌ಸಿ4558ಡಿ ಎಂದು ಹುಡುಕಿಕೊಂಡು ದುಬಾರಿ ಬೆಲೆ ಕೊಡುವವರಿದ್ದಾರೆ. ಆ ಸರ್ಕ್ಯೂಟ್‌ನಲ್ಲಿ 51 ಕೆ ಮತ್ತು 500 ಕೆ ಪಾಟ್ ಫೀಡ್‌ಬ್ಯಾಕ್‌ನಲ್ಲಿವೆ, ಕೆಳಗೆ 4.7 ಕೆ ಜೊತೆ 0.047 ಮೈಕ್ರೊಫ್ಯಾರಡ್. ಗೇನ್ 12ರಿಂದ 118ರವರೆಗೆ ಹೋಗುತ್ತದೆ, ಬೇಸ್ ಕಡೆ 720 ಹರ್ಟ್ಸ್‌ನಲ್ಲಿ ಕತ್ತರಿ ಬೀಳುತ್ತದೆ, ಮೇಲೆ 51 ಪಿಕೊಫ್ಯಾರಡ್ ಟ್ರೆಬಲ್ ಕತ್ತರಿಸುತ್ತದೆ, ಡಯೋಡ್‌ಗಳು ಅಲೆಯನ್ನು ಕಡಿಯುತ್ತವೆ. ಸದ್ದನ್ನು ನಿರ್ಧರಿಸುವುದು ಇವು. ಯಾವ ಕಂಪನಿಯ 4558 ಎಂಬುದು ಬಹಳ ಸಣ್ಣ ವಿಷಯ. ಕೆಟ್ಟುಹೋದ ಹೋಮ್ ಥಿಯೇಟರ್ ಬೋರ್ಡ್‌ಗಳಲ್ಲಿ 4558 ರಾಶಿ ರಾಶಿ ಇರುತ್ತವೆ, ರಿಪೇರಿ ಅಂಗಡಿಯಲ್ಲಿ ಕೇಳಿದರೆ ಹಾಗೇ ಕೊಡುತ್ತಾರೆ. ಬಿಚ್ಚಿ ತಂದು ಹಾಕಿ.

5532 ಅನ್ನು ಮಾತ್ರ ಜೋರು ಡಿಸ್ಟಾರ್ಶನ್‌ಗೆ ಬಳಸಬೇಡಿ. ಅದರ ಎರಡು ಇನ್‌ಪುಟ್‌ಗಳ ನಡುವೆ ಒಳಗೇ ಡಯೋಡ್‌ಗಳಿವೆ. ಔಟ್‌ಪುಟ್ ಸಪ್ಲೈ ತುದಿಗೆ ಬಡಿದಾಗ ಅವು ತೆರೆದುಕೊಂಡು ಗಿಟಾರ್‌ನ ಸಿಗ್ನಲ್ ಅನ್ನೇ ಎಳೆದುಬಿಡುತ್ತವೆ.

ಹಂತ 6: ಔಟ್‌ಪುಟ್ ಏನನ್ನು ಎಳೆಯಬೇಕು?

ಮುಂದಿರುವುದು ಇನ್ನೊಂದು ಪೆಡಲ್ ಆದರೆ ಯಾವ ಐಸಿಯಾದರೂ ನಡೆಯುತ್ತದೆ. ಉದ್ದನೆಯ ಕೇಬಲ್ ಇದ್ದರೆ ಔಟ್‌ಪುಟ್‌ಗೆ 47ರಿಂದ 100 ಓಮ್ ಸೀರೀಸ್‌ನಲ್ಲಿ ಹಾಕಿ. ಕೇಬಲ್‌ನ ಕೆಪಾಸಿಟೆನ್ಸ್‌ಗೆ ಐಸಿ ಹುಚ್ಚೆದ್ದು ಆಂದೋಲನ ಶುರುಮಾಡುವುದನ್ನು ಅದು ತಡೆಯುತ್ತದೆ. 600 ಓಮ್ ಎಳೆಯಬೇಕಾದರೆ 5532. ರಾತ್ರಿ ಮನೆಯವರ ನಿದ್ದೆ ಕೆಡಿಸದೆ ಅಭ್ಯಾಸ ಮಾಡಲು 32 ಓಮ್ ಹೆಡ್‌ಫೋನ್ ಆಂಪ್ ಕಟ್ಟುವವರು 5532ರ ಬದಲು ಎನ್‌ಜೆಎಂ4556ಎ ತನ್ನಿ. ಅದು 70 ಮಿಲಿಆಂಪ್ ಕೊಡುತ್ತದೆ. ಪಿನ್ ಜೋಡಣೆ ಅದೇ.

ಹಂತ 7: ಕೈಗೆ ಬಂದ ಐಸಿ ಅಸಲಿಯೇ?

ಹುಬ್ಬಳ್ಳಿಯಿಂದಲೋ ಬೆಂಗಳೂರಿನ ಎಸ್‌ಪಿ ರೋಡಿನಿಂದಲೋ ಆನ್‌ಲೈನ್‌ನಿಂದಲೋ ತರಿಸಿದ ಐಸಿ ಮೇಲೆ ಏನು ಬರೆದಿದೆ ಎಂಬುದು ಸಾಕ್ಷಿಯಲ್ಲ. ಅಗ್ಗದ ಐಸಿಯ ತಲೆ ಉಜ್ಜಿ ಬೇರೆ ಹೆಸರು ಮುದ್ರಿಸುವುದು ಸಾಮಾನ್ಯ. ಬೇಕಾದದ್ದು ಒಂದು ಬ್ರೆಡ್‌ಬೋರ್ಡ್, 9 ವೋಲ್ಟ್ ಬ್ಯಾಟರಿ, ಮಲ್ಟಿಮೀಟರ್ ಅಷ್ಟೇ.

ಐಸಿಯನ್ನು ಬ್ರೆಡ್‌ಬೋರ್ಡ್‌ಗೆ ಒತ್ತಿ. ಎರಡು ಆಂಪ್‌ನ ಐಸಿಯಲ್ಲಿ ಪಿನ್ 8 ಪ್ಲಸ್, ಪಿನ್ 4 ಮೈನಸ್. ಎರಡು 10 ಕೆಯಿಂದ 4.5 ವೋಲ್ಟ್ ಮಾಡಿ. ಪಿನ್ 1 ಅನ್ನು ಪಿನ್ 2ಕ್ಕೆ, ಪಿನ್ 7 ಅನ್ನು ಪಿನ್ 6ಕ್ಕೆ ಸೇರಿಸಿ. ಪಿನ್ 5 ನೇರವಾಗಿ 4.5 ವೋಲ್ಟ್‌ಗೆ. ಪಿನ್ 3 ಅನ್ನು 1 ಮೆಗ್ ಮೂಲಕ 4.5 ವೋಲ್ಟ್‌ಗೆ ಕೊಡಿ, ಆ 1 ಮೆಗ್‌ಗೆ ಅಡ್ಡಲಾಗಿ 0.1 ಮೈಕ್ರೊಫ್ಯಾರಡ್ ಇಡಿ, ಇಲ್ಲದಿದ್ದರೆ ಟ್ಯೂಬ್‌ಲೈಟ್‌ನ ಗುಂಯ್ ಒಳಗೆ ಬಂದು ಮೀಟರ್ ಕುಣಿಯುತ್ತದೆ.

ಮೊದಲು ಬ್ಯಾಟರಿಯ ಪ್ಲಸ್ ತಂತಿಗೆ ಮಿಲಿಆಂಪ್ ಮೀಟರ್ ಸೇರಿಸಿ. ಎರಡು 10 ಕೆ ತಾವೇ 0.45 ತಿನ್ನುತ್ತವೆ, ಅದನ್ನು ಕಳೆಯಿರಿ. 5532 ಎಂದು ಬರೆದದ್ದು 8ರ ಆಸುಪಾಸು ತೋರಿಸಬೇಕು. 3 ತೋರಿಸಿದರೆ ಅದು ಬೇರೇನೋ. ಆಮೇಲೆ ಮೀಟರ್ ಅನ್ನು ಡಿಸಿ ಮಿಲಿವೋಲ್ಟ್‌ಗೆ ತಿರುಗಿಸಿ, ಕಪ್ಪು ತಂತಿ 4.5 ವೋಲ್ಟ್ ಬಿಂದುವಿಗೆ, ಕೆಂಪು ಪಿನ್ 1ಕ್ಕೆ. ಅಸಲಿ 5532 ಸುಮಾರು ಮೈನಸ್ 200 ಮಿಲಿವೋಲ್ಟ್ ತೋರಿಸುತ್ತದೆ, ಏಕೆಂದರೆ ಅದರ ಇನ್‌ಪುಟ್ ಕರೆಂಟನ್ನು ಒಳಗೆ ಎಳೆದುಕೊಳ್ಳುತ್ತದೆ. ಎಲ್‌ಎಂ358 ಕರೆಂಟನ್ನು ಹೊರಗೆ ತಳ್ಳುತ್ತದೆ, ಅದರಲ್ಲಿ ಪ್ಲಸ್ ಕಡೆಗೆ ಇಪ್ಪತ್ತು ಐವತ್ತು ಮಿಲಿವೋಲ್ಟ್. 072, ಓಪಿಎ2134 ಕೆಲವೇ ಮಿಲಿವೋಲ್ಟ್‌ನಲ್ಲಿ ಅಲುಗದೆ ನಿಲ್ಲುತ್ತವೆ. 072ಕ್ಕೆ 2134 ಎಂದು ಹೆಸರು ಹಾಕಿ ಮಾರಿದ್ದರೆ ಮಿಲಿವೋಲ್ಟ್‌ನಲ್ಲಿ ಗೊತ್ತಾಗುವುದಿಲ್ಲ, ಮಿಲಿಆಂಪ್‌ನಲ್ಲಿ ಗೊತ್ತಾಗುತ್ತದೆ: 2.8 ಎಲ್ಲಿ, 8 ಎಲ್ಲಿ! ಎರಡೂ ಅಳತೆ ಸೇರಿದರೆ ನಕಲಿ ತಪ್ಪಿಸಿಕೊಳ್ಳುವುದು ಕಷ್ಟ.

ಹಂತ 8: ಬೋರ್ಡ್ ಮೇಲೆ ಕೂರಿಸುವಾಗ

ಐಸಿಯ ಸಪ್ಲೈ ಪಿನ್‌ಗೆ ಅಂಟಿಕೊಂಡ ಹಾಗೆ 0.1 ಮೈಕ್ರೊಫ್ಯಾರಡ್ ಸೆರಾಮಿಕ್ ಇರಲಿ. ಬಳಸದ ಅರ್ಧವನ್ನು ತೇಲಾಡಲು ಬಿಡಬೇಡಿ. ಅದರ ಔಟ್‌ಪುಟ್ ಅನ್ನು ಮೈನಸ್ ಇನ್‌ಪುಟ್‌ಗೆ, ಪ್ಲಸ್ ಇನ್‌ಪುಟ್ ಅನ್ನು 4.5 ವೋಲ್ಟ್‌ಗೆ ಕಟ್ಟಿ. ಪೆಡಲ್‌ನಲ್ಲಿ ಆಕಾಶವಾಣಿ ಕೇಳಿಸುತ್ತಿದ್ದರೆ ಇನ್‌ಪುಟ್‌ಗೆ 1 ಕೆ ಸೀರೀಸ್‌ನಲ್ಲಿ, ಅದರಾಚೆ ಗ್ರೌಂಡ್‌ಗೆ 100 ಪಿಕೊಫ್ಯಾರಡ್ ಹಾಕಿ. ಟಿಎಲ್074, ಎಲ್‌ಎಂ324 ಜಾತಿಯ ನಾಲ್ಕು ಆಂಪ್‌ನ ಐಸಿಯಲ್ಲಿ ಪಿನ್ 4 ಪ್ಲಸ್, 11 ಮೈನಸ್. ಎರಡು ಆಂಪ್‌ನವುಗಳ ಅಭ್ಯಾಸದಲ್ಲಿ ಪಿನ್ 4ಕ್ಕೆ ಗ್ರೌಂಡ್ ಕೊಟ್ಟುಬಿಟ್ಟೀರಿ, ಜೋಕೆ.

ಕರಾವಳಿಯಲ್ಲಿ ಕಟ್ಟುವವರಿಗೆ ಇನ್ನೂ ಒಂದು ಕೆಲಸವಿದೆ. ಸಮುದ್ರದ ಗಾಳಿಯಲ್ಲಿ ಉಪ್ಪಿನ ಅಂಶ ಇರುತ್ತದೆ. ಅದು ಬೋರ್ಡ್ ಮೇಲೆ ಕಾಣದ ಪದರವಾಗಿ ಕೂತು ಮಳೆಗಾಲದಲ್ಲಿ ತೇವ ಹೀರುತ್ತದೆ. ಹಾಗೆ ಹೀರಿದ ಪದರ ಕೆಲವು ಮೆಗ್ ಓಮ್‌ನ ರೆಸಿಸ್ಟರ್‌ನಂತೆ ವರ್ತಿಸುತ್ತದೆ. ಪೆಡಲ್‌ನ 10 ಕೆ, 100 ಕೆಗಳಿಗೆ ಅದು ಗೊತ್ತೇ ಆಗುವುದಿಲ್ಲ. ಪೀಜೊ ಬಫರ್‌ನ (ಗೇನ್ ಇಲ್ಲದೆ ಸಿಗ್ನಲ್ ದಾಟಿಸುವ ಆಂಪ್) 10 ಮೆಗ್ ಮಾತ್ರ ಅದಕ್ಕೆ ಸೋಲುತ್ತದೆ.

ಕಾಯರ್‌ನಲ್ಲಿ ನುಡಿಸುವ ಗೆಳೆಯನ ಅಕೌಸ್ಟಿಕ್ ಗಿಟಾರ್ ಹೀಗೇ ನನ್ನ ಬೆಂಚಿಗೆ ಬಂತು. ಏಪ್ರಿಲ್‌ನಲ್ಲಿ ಚೆನ್ನಾಗಿದ್ದ ಸದ್ದು ಜುಲೈನಲ್ಲಿ ಒಡೆಯುತ್ತಿತ್ತು. ಪಿನ್ 1ರಲ್ಲಿ 4.5 ಇರಬೇಕಾದ ಕಡೆ ಮೀಟರ್ 2.9 ತೋರಿಸಿ ಅಲ್ಲೇ ಏರಿಳಿಯುತ್ತಿತ್ತು. ಬೋರ್ಡ್ ತಿರುಗಿಸಿ ಭೂತಗನ್ನಡಿ ಹಿಡಿದರೆ ಐಸಿ ಬೇಸ್‌ನ ಪಿನ್ 3 ಮತ್ತು 4ರ ನಡುವೆ ಒಣಗಿದ ಫ್ಲಕ್ಸ್, ಅದರ ಅಂಚಿನಲ್ಲಿ ಹಸಿರು ಕಿಲುಬು. ಪಿನ್ 3 ಇನ್‌ಪುಟ್, ಪಿನ್ 4 ಗ್ರೌಂಡ್. ಆ ಹಸಿರು ಗೆರೆಯೇ ಇನ್‌ಪುಟ್ ಅನ್ನು ಗ್ರೌಂಡ್ ಕಡೆ ಎಳೆಯುತ್ತಿತ್ತು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹಳೆಯ ಟೂತ್‌ಬ್ರಷ್ ಅದ್ದಿ ಉಜ್ಜಿ, ಫ್ಯಾನ್ ಕೆಳಗೆ ಒಣಗಿಸಿದ ಮೇಲೆ ಮೀಟರ್ 4.5ಕ್ಕೆ ಬಂದು ನಿಂತಿತು. ಐಸಿ ಬದಲಿಸುವ ಪ್ರಶ್ನೆಯೇ ಬರಲಿಲ್ಲ.

ಆದ್ದರಿಂದ ಪೀಜೊಗೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡೆ 10 ಮೆಗ್‌ನ ಆಸೆ ಬಿಟ್ಟು 4.7 ಮೆಗ್‌ನಲ್ಲಿ ನಿಲ್ಲಿಸಿ. ಬೇಸ್‌ನ ನಷ್ಟ ಕಿವಿಗೆ ಗೊತ್ತಾಗದು. ಪಿನ್ 3ರ ಸುತ್ತ ಒಂದು ತಾಮ್ರದ ಗೆರೆ ಬರೆಸಿ ಅದನ್ನು ಪಿನ್ 1ಕ್ಕೆ ಸೇರಿಸಿದರೆ ಇನ್ನೂ ಒಳ್ಳೆಯದು. ಬಫರ್‌ನಲ್ಲಿ ಎರಡೂ ಕಡೆ ಒಂದೇ ವೋಲ್ಟೇಜ್ ಇರುವುದರಿಂದ ಸೋರಿಕೆಗೆ ದಾರಿ ಇರುವುದಿಲ್ಲ.

ಐಸಿ ಬೇಸ್ ತರುವಾಗ ಅಗ್ಗದ ಚಪ್ಪಟೆ ಎಲೆಯದು ಬಿಟ್ಟು ದುಂಡು ಪಿನ್‌ನದ್ದು ತನ್ನಿ. ಚಪ್ಪಟೆಯದು ಒಂದೆರಡು ಮಳೆಗಾಲಕ್ಕೇ ಹಿಡಿತ ಬಿಟ್ಟು ಕರಕರ ಶುರುಮಾಡುತ್ತದೆ. ಯಾವ ಐಸಿ ಎಂದು ಕೇಳಿ ಕೇಳಿ ತೀರ್ಮಾನ ಆದಮೇಲೆ ಬೇಸ್ ಇಲ್ಲದೆ ನೇರ ಬೆಸುಗೆ ಹಾಕುವುದು ಎಲ್ಲಕ್ಕಿಂತ ಗಟ್ಟಿ. ಕೊನೆಗೆ ಬೋರ್ಡ್ ತೊಳೆದು, ಪೂರ್ತಿ ಒಣಗಿಸಿ, ಪಾಟ್, ಜ್ಯಾಕ್, ಸ್ವಿಚ್‌ಗಳಿಗೆ ಟೇಪ್ ಸುತ್ತಿ ಪಿಸಿಬಿ ಲ್ಯಾಕರ್ ಎರಡು ಸಲ ತೆಳ್ಳಗೆ ಹೊಡೆಯಿರಿ. ಈ ಕೆಲಸಕ್ಕೆ ಮಾರ್ಚ್ ಏಪ್ರಿಲ್‌ನ ಬಿಸಿಲಿನ ದಿನ ಆರಿಸಿಕೊಳ್ಳಿ. ತೇವ ಇದ್ದಾಗ ಲ್ಯಾಕರ್ ಹೊಡೆದರೆ ಆ ತೇವವನ್ನೇ ಒಳಗೆ ಮುಚ್ಚಿಟ್ಟ ಹಾಗಾಗುತ್ತದೆ.